ಸಾಹೇಬರ ಮುಂದೆ ಹೊಗಳಬೇಡಿ

ನಿಜಗುಣನ ಬಾಯಿಂದ ಒಂದು ಒಳ್ಳೆ ಮಾತು ಬಿದ್ದದ್ದೇ ಎಲ್ಲ ರಗಳೆಗೂ ಮೂಲ. ಮಸ್ಕತ್ತಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ, ಮಾಲೀಕ ನಾಸಿರ್ ಸಾಹೇಬರ ಕೋಣೆಯಲ್ಲಿದ್ದ ಲೋಬಾನದ ಧೂಪ ಹಾಕುವ ಪಾತ್ರೆ ನೋಡಿ ಭಾಳ ಚಂದ ಇದೆ ಅಂದ. ಸಂಜೆಗೆ ಅದು ಕಾಗದ ಸುತ್ತಿಸಿಕೊಂಡು ಅವನ ಮೇಜಿನ ಮೇಲೆ ಕೂತಿತ್ತು. ಮರುವಾರ ಕಾಫಿಯ ಹೂಜಿ ಹೊಗಳಿದ, ಅದೂ ಬಂತು. ಪಕ್ಕದ ಮೇಜಿನ ಮಲಯಾಳಿ ಕಿವಿಯಲ್ಲಿ ಹೇಳಿದ: ಇಲ್ಲಿ ಹಳೆಯ ಮಂದಿ ಹೀಗೇ, ಬಂದವರು ಮೆಚ್ಚಿದ್ದನ್ನು ಕೊಟ್ಟೇಬಿಡುತ್ತಾರೆ, ಬಾಯಿ ಮುಚ್ಚಿಕೊಂಡಿರು. ಅಂದಿನಿಂದ ಸಾಹೇಬರ ಮೊಮ್ಮಗುವನ್ನು ಎತ್ತಿಕೊಂಡಾಗಲೂ ನಿಜಗುಣ ತುಟಿ ಬಿಗಿದುಕೊಂಡೇ ಇರುತ್ತಿದ್ದ. ಯಾರಿಗೆ ಗೊತ್ತು!

ಈ ಹುಬ್ಬಳ್ಳಿ ಎಂಜಿನಿಯರು ಕೆನಡಾದ ಮಿಸ್ಸಿಸಾಗಾದ ಎರಿನ್ ಮಿಲ್ಸ್‌ನಲ್ಲಿ ಮನೆ, ಹೆಂಡತಿ, ಮಗಳು, ಬೆಕ್ಕು ಎಲ್ಲ ಬಿಟ್ಟು ಮಸ್ಕತ್ತಿಗೆ ಹೋದದ್ದು ಶೋಕಿಗಲ್ಲ. ಇಲ್ಲಿನ ಕೆಲಸ ಹೋಯಿತು, ಅಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಕಂಪನಿಯಲ್ಲಿ ಸಿಕ್ಕಿತು, ಅಷ್ಟೆ. ಈಗ ರಜೆಗೆ ಬಂದಿದ್ದ. ಅದೇ ಹೊತ್ತಿಗೆ ನಾಸಿರ್ ಸಾಹೇಬರೂ ಟೊರಾಂಟೊಗೆ ಬಂದಿಳಿದಿದ್ದರು. ಅಲ್ಲೇ ಪಕ್ಕದ ಯೂನಿಯನ್‌ವಿಲ್‌ನಲ್ಲಿ ಕಂಪನಿಯ ಸಣ್ಣದೊಂದು ಕಚೇರಿ ತೆರೆಯುವುದಿತ್ತು. ಅದಕ್ಕೊಬ್ಬ ಮ್ಯಾನೇಜರು ಬೇಕಿತ್ತು. ಆ ಕುರ್ಚಿ ಸಿಕ್ಕಿದರೆ ನಿಜಗುಣ ದಿನಾ ಮನೆಯಲ್ಲೇ ಉಣ್ಣಬಹುದು.

ಶನಿವಾರ ಬೆಳಿಗ್ಗೆ ಸಾಹೇಬರ ಫೋನು ಬಂತು. ಮಧ್ಯಾಹ್ನ ಊಟಕ್ಕೆ ನಿನ್ನ ಮನೆಗೇ ಬರುತ್ತೇನೆ ಅಂದರು.

ಹೇಮಶ್ರೀ ಜೋಳದ ಹಿಟ್ಟಿನ ಡಬ್ಬಿ ಇಳಿಸುತ್ತ ಗಂಡನಿಗೆ ಹೇಳಿದಳು: "ರೀ, ಇವತ್ತ ಬಾಯಿ ಬಿಟ್ಟು ಕೇಳ್ರಿ. 'ಹೆಂಡ್ತಿ ಮಗಳನ್ನ ಬಿಟ್ಟು ಇರಾಕ ಆಗವಲ್ದು, ಯೂನಿಯನ್‌ವಿಲ್ ನನಗ ಕೊಡ್ರಿ' ಅನ್ರಿ. ಅಷ್ಟ ಸಾಕು."

"ಕೇಳತೇನಿ ಮಾರಾಯ್ತಿ. ಮೊದಲ ಅವರು ಉಣ್ಣಲಿ."

ಅಷ್ಟರಲ್ಲಿ ಪಕ್ಕದ ಮನೆಯ ಭಾಸ್ಕರ ಬಾಗಿಲು ತಟ್ಟದೆಯೇ ಒಳಗೆ ಬಂದ. ಎರಡು ಮನೆಗೂ ನಡುವೆ ಒಂದೇ ಗೋಡೆ, ಅದೂ ತೆಳ್ಳಗಿನದು. ಮೈಸೂರಿನ ಈ ಭಾಸ್ಕರ ಸಾಫ್ಟ್‌ವೇರಿನವನು. ಮನೆಯಿಂದಲೇ ಕೆಲಸ ಮಾಡುವುದರಿಂದ ಬೇರೆಯವರ ಕೆಲಸಕ್ಕೆ ಸಮಯ ಧಾರಾಳವಾಗಿತ್ತು. ಹೊಸದಾಗಿ ಕೊಂಡ ಚಳಿಗಾಲದ ಜಾಕೆಟ್ಟನ್ನು ಅಕ್ಟೋಬರಿನಲ್ಲೇ ಹಾಕಿಕೊಂಡು, ಮನೆಯೊಳಗೂ ಬಿಚ್ಚದೆ ಓಡಾಡುತ್ತಿದ್ದ. ಹಿಂದೆ ಹೆಂಡತಿ ಜಯಲಕ್ಷ್ಮಿ ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದಳು.

"ಡೈರೆಕ್ಟಾಗಿ ಕೇಳ್ಬಾರ್ದು ನಿಜಗುಣ! ಗಲ್ಫ್‌ನೋರ ಹತ್ರ ಮೊದ್ಲು ಮರ್ಯಾದೆ, ಆಮೇಲೆ ಮಿಕ್ಕಿದ್ದು. ನಾನು ದುಬೈ ನೋಡಿಲ್ವಾ?" ಅಂದ ಭಾಸ್ಕರ.

"ದುಬೈ ಏರ್‌ಪೋರ್ಟಲ್ಲಿ ಬಾತ್‌ರೂಮ್ ನೋಡಿದೀರಿ," ಅಂದಳು ಜಯಲಕ್ಷ್ಮಿ.

ನಿಜಗುಣ ತನಗೆ ಗೊತ್ತಿದ್ದ ಪದ್ಧತಿಯನ್ನು ಎಲ್ಲರಿಗೂ ವಿವರಿಸಿದ. "ಅವರು ಏನರ ಚಂದ ಐತಿ ಅಂದ್ರ ಅದನ್ನ ಕೊಡಬೇಕು. ಹಿಂದ ಮುಂದ ನೋಡೂದಿಲ್ಲ."

"ಬೇಡ ಅಂದ್ರೆ?" ಅಂದಳು ಜಯಲಕ್ಷ್ಮಿ.

"ಮೂರು ಸಲ ಬೇಡ ಅನ್ನೋದು ದೊಡ್ಡೋರ ರೀತಿ," ಎಂದು ಭಾಸ್ಕರ ತೀರ್ಪು ಕೊಟ್ಟ. "ನಮ್ಮಲ್ಲಿ ಒಬ್ಬಟ್ಟು ಬಡಿಸೋವಾಗ ಸಾಕು ಅಂದೋರ ಮಾತು ಯಾರಾದ್ರೂ ಕೇಳ್ತಾರಾ? ಹಾಗೇ. ಬಿಡ್ಬಾರ್ದು."

ಸಾಹೇಬರು ಬಂದರು. ಬಿಳಿಯ ನಿಲುವಂಗಿ, ಕಸೂತಿಯ ಟೋಪಿ, ಮೇಲೊಂದು ಕರೀ ಕೋಟು, ಮುಖದ ತುಂಬ ನಗೆ. ಹಿಂದಿ ಇಂಗ್ಲಿಷ್ ಎರಡನ್ನೂ ಕಲಸಿ ಎಲ್ಲರ ಆರೋಗ್ಯ ವಿಚಾರಿಸಿದರು. ಆಮೇಲೆ ಬಾಗಿಲ ಬದಿಗೆ ಒರಗಿಸಿದ್ದ ಹಿಮ ಗೋರುವ ಸಲಿಕೆ ಕಣ್ಣಿಗೆ ಬಿತ್ತು.

"ವಾಹ್! ಎಂಥ ಗಟ್ಟಿಮುಟ್ಟಾದ ಸಲಿಕೆ!"

ಭಾಸ್ಕರ ನಿಜಗುಣನ ಪಕ್ಕೆ ತಿವಿದ. ನಿಜಗುಣ ಸಲಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. "ಸರ್, ನಿಮಗ."

"ನನಗೆ? ಬೇಡ, ಬೇಡ."

"ತಗೊಳ್ಳಲೇಬೇಕು ಸರ್."

ಸಾಹೇಬರು ಎಷ್ಟು ಬೇಡವೆಂದರೂ ಇವನು ಬಿಡಲಿಲ್ಲ. ಸಲಿಕೆ ಸಾಹೇಬರ ಬಾಡಿಗೆ ಕಾರಿನ ಡಿಕ್ಕಿ ಸೇರಿತು. ಮಸ್ಕತ್ತಿನಲ್ಲಿ ಹಿಮ ಬೀಳುವ ದಿನ ಬಂದರೆ ಗೋರಲು ಮನುಷ್ಯರೇ ಉಳಿದಿರುವುದಿಲ್ಲ, ಆ ಮಾತು ಬೇರೆ.

ಒಳಗೆ ಬಂದ ಸಾಹೇಬರು ಗೋಡೆಯ ಮೇಲಿನ ಕಸೂತಿ ಚೌಕಟ್ಟನ್ನು ಮೆಚ್ಚಿದರು. ಅದು ಹೇಮಶ್ರೀಯ ಅವ್ವ ಕೈಯಾರೆ ಹೊಲಿದದ್ದು. ಹೇಮಶ್ರೀ ಗಂಡನನ್ನು ದುರುಗುಟ್ಟಿ ನೋಡಿದಳು. ಅಷ್ಟರಲ್ಲಿ ಚೌಕಟ್ಟು ಗೋಡೆಯಿಂದ ಇಳಿದಾಗಿತ್ತು. ಅಡುಗೆಮನೆಯ ಕಡೆ ಇಣುಕಿ ಇಡ್ಲಿ ಸ್ಟ್ಯಾಂಡನ್ನು ಹೊಗಳಿದರು. ಅದೂ ಹೋಯಿತು. ಒಂದೊಂದನ್ನೂ ಒಪ್ಪಿಕೊಳ್ಳುವಾಗ ಸಾಹೇಬರ ನಗು ಚೂರುಚೂರೇ ಬಾಡುತ್ತಿತ್ತು, ಆದರೂ ಹೊಗಳುವುದನ್ನು ನಿಲ್ಲಿಸಲೊಲ್ಲರು. ದಿಕ್ಕು ತೋಚದವರಂತೆ ಸುತ್ತ ನೋಡಿ ಕೊನೆಗೆ ಭಾಸ್ಕರನ ಮೇಲೆ ಕಣ್ಣು ನೆಟ್ಟರು.

"ಭಾಯ್, ನಿಮ್ಮ ಜಾಕೆಟ್ಟು ಬಹಳ ಚೆನ್ನಾಗಿದೆ!"

ಭಾಸ್ಕರ ಜಾಕೆಟ್ಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಇದು… ಇದು ಸೇಲಲ್ಲಿ ತಗೊಂಡಿದ್ದು, ಕಮ್ಮೀದು," ಎಂದು ತೊದಲಿದ.

"ಹಿಂದ ಮುಂದ ನೋಡಬ್ಯಾಡ್ರಿ ಭಾಸ್ಕರಣ್ಣ," ಎಂದು ಹೇಮಶ್ರೀ ಸಕ್ಕರೆಯಂಥ ದನಿಯಲ್ಲಿ ಅಂದಳು. "ಬಿಚ್ಚ್ರಿ."

ಬಿಚ್ಚಿದ. ಜಯಲಕ್ಷ್ಮಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು.

ಆಗ ಸೋಫಾದಿಂದ ಬೆಕ್ಕು ಇಳಿದು ಬಂದು ಸಾಹೇಬರ ಕಾಲಿಗೆ ಮೈ ಉಜ್ಜಿತು. ಸಾಹೇಬರು ಅದನ್ನೆತ್ತಿ ಎದೆಗವಚಿಕೊಂಡು, "ಇಷ್ಟು ಮುದ್ದಾದ ಬೆಕ್ಕು ನಾನು ನೋಡಿಯೇ ಇಲ್ಲ!" ಅಂದುಬಿಟ್ಟರು.

ಮೆಟ್ಟಿಲ ಮೇಲಿಂದ ಮಗಳು ಸಾಹಿತ್ಯ ಚೀರಿದಳು. "ಡ್ಯಾಡ್, ನೋ ವೇ! ಶೀ ಈಸ್ ಫ್ಯಾಮಿಲಿ!"

ನಿಜಗುಣ ಮಗಳ ಕಡೆಗೊಮ್ಮೆ, ಸಾಹೇಬರ ಕಡೆಗೊಮ್ಮೆ ನೋಡಿದ. ಈ ಕಡೆ ಮಗಳ ಕಣ್ಣೀರು, ಆ ಕಡೆ ಯೂನಿಯನ್‌ವಿಲ್. ಜಾಕೆಟ್ಟು ಕಳಕೊಂಡ ಭಾಸ್ಕರನಿಗೆ ಈಗ ಯಾರ ಮೇಲೂ ಕರುಣೆ ಉಳಿದಿರಲಿಲ್ಲ. "ಕೊಡಿ, ಕೊಡಿ, ರೂಲ್ ಅಂದ್ರೆ ರೂಲು," ಎಂದು ಹಲ್ಲು ಕಡಿದ.

"ಸರ್… ಬೆಕ್ಕೂ ನಿಮ್ದ ಸರ್," ಅಂದ ನಿಜಗುಣ. ದನಿ ಅವನಿಗೇ ಕೇಳಿಸಲಿಲ್ಲ.

ಸಾಹೇಬರು ಬೆಕ್ಕನ್ನು ದೊಪ್ಪನೆ ಸೋಫಾದ ಮೇಲಿಟ್ಟು ಎರಡೂ ಕೈ ಮೇಲೆತ್ತಿದರು. "ನಿಲ್ಲಿಸು ನಿಜಗುಣ! ಅಲ್ಲಾಹನ ಮೇಲಾಣೆ, ನಿಲ್ಲಿಸು! ನನಗೆ ಏನೂ ಬೇಡ. ಇಲ್ಲಿ ಓದುವ ನನ್ನ ಸೋದರಳಿಯ ಹೇಳಿದ್ದ, ಕೆನಡಾದಲ್ಲಿ ಯಾರ ಮನೆಗೆ ಹೋದರೂ ಕಂಡದ್ದನ್ನೆಲ್ಲ ಹೊಗಳಬೇಕು, ಇಲ್ಲದಿದ್ದರೆ ಮನೆಯವರಿಗೆ ಬೇಸರವಾಗುತ್ತದೆ ಅಂತ. ನೀನು ಬೆಕ್ಕನ್ನೂ ಕೊಟ್ಟರೆ ನಾನು ಇನ್ನೇನು ಹೊಗಳಲಿ? ಹೆಂಡತಿ ಮಗಳು ಮಾತ್ರ ಉಳಿದಿದ್ದಾರೆ!"

ಜಯಲಕ್ಷ್ಮಿ ಮೊದಲು ನಕ್ಕಳು, ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಡಿಕ್ಕಿಯಿಂದ ಸಾಮಾನೆಲ್ಲ ವಾಪಸು ಬಂತು. ಭಾಸ್ಕರ ಜಾಕೆಟ್ಟು ಹಾಕಿಕೊಂಡು ಕತ್ತಿನವರೆಗೂ ಜಿಪ್ ಎಳೆದುಕೊಂಡ.

ಊಟ ಭರ್ಜರಿಯಾಯಿತು. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲವನ್ನೂ ಸಾಹೇಬರು ಮಾತಿಲ್ಲದೆ, ಬೆವರೊರೆಸಿಕೊಳ್ಳುತ್ತ ಉಂಡರು. ಚಹಾ ಬಂದಾಗ ಕುರ್ಚಿಗೆ ಒರಗಿ ಕೇಳಿದರು: "ನಿಜಗುಣ, ನಮ್ಮೂರಿಗೆ ಬಂದು ಎಂಟು ತಿಂಗಳಾಯಿತು. ಹೇಗನ್ನಿಸಿತು? ಮುಚ್ಚುಮರೆ ಬೇಡ, ಮನಸ್ಸಿನಲ್ಲಿದ್ದದ್ದು ಹೇಳು. ನಿನ್ನ ಉತ್ತರ ಕೇಳಲೆಂದೇ ಬಂದಿದ್ದೇನೆ."

ಮನಸ್ಸಿನಲ್ಲಿ ಏನಿತ್ತು? ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕುದಿನೀರು ಬಂದದ್ದು. ಗೀಸರನ್ನು ಆರಿಸಿಟ್ಟು ಅದರೊಳಗಿನ ನೀರನ್ನೇ ತಣ್ಣೀರೆಂದು ಸ್ನಾನ ಮಾಡಿದ್ದು. ಮೊದಲ ಶುಕ್ರವಾರ, ಅಲ್ಲಿ ಅದೇ ವಾರದ ರಜೆಯೆಂದು ಗೊತ್ತಿಲ್ಲದೆ, ಟೈ ಕಟ್ಟಿಕೊಂಡು ಕಚೇರಿಗೆ ಹೋಗಿ ಬೀಗ ನೋಡಿ ಬಂದದ್ದು, ಭಾನುವಾರ ಆರಾಮಾಗಿ ಮಲಗಿದ್ದಾಗ ಕಚೇರಿಯಿಂದ ಫೋನು ಬಂದದ್ದು. ಮಂದಿ ಒಳ್ಳೆಯವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆಯಾದರೆ ಫೋನಿನೊಳಗಿನ ಮಗಳ ಮುಖ ನೋಡುತ್ತ ಒಬ್ಬನೇ ಖಬೂಸ್ ರೊಟ್ಟಿ ಹರಿದು ತಿನ್ನುವ ಸಂಕಟ ಯಾರಿಗೂ ಬೇಡ.

ಮೇಜಿನ ಕೆಳಗೆ ಹೇಮಶ್ರೀ ಅವನ ಎಡಗಾಲನ್ನು ತುಳಿದಳು. ಈಗ ಕೇಳ್ರಿ ಎಂದು ಅದರರ್ಥ. ಬಲಗಾಲನ್ನು ಭಾಸ್ಕರ ತುಳಿದ. ಹೊಗಳು ಎಂದು ಇದರರ್ಥ. ಭಾಸ್ಕರ ತೂಕದ ಮನುಷ್ಯ.

"ಸರ್, ಮಸ್ಕತ್ ಅಂದ್ರ ಸ್ವರ್ಗ!" ಎಂದು ನಿಜಗುಣ ಶುರುಮಾಡಿದ. ಶುರುವಾದ ಮೇಲೆ ಅವನ ನಾಲಿಗೆ ಅವನ ಮಾತೇ ಕೇಳಲಿಲ್ಲ. ಎಂಟು ತಿಂಗಳು ಬಿಗಿದಿಟ್ಟ ತುಟಿ ನೋಡಿ! ಸಮುದ್ರ ಹೊಗಳಿದ, ಬೆಟ್ಟ ಹೊಗಳಿದ, ಏಲಕ್ಕಿ ಹಾಕಿದ ಕಾಫಿ ಹೊಗಳಿದ. "ಇಲ್ಲಿ 'ಹೌ ಆರ್ ಯೂ' ಅಂದವರು ಉತ್ತರ ಕೇಳೂದಕ್ಕೂ ನಿಲ್ಲೂದಿಲ್ಲ ಸರ್. ಅಲ್ಲಿ ಕೆಲಸದ ಮಾತಿಗಿಂತ ಮೊದಲ ನಮ್ಮಪ್ಪನ ಮೊಣಕಾಲು ನೋವು ಕೇಳತಾರ." ಭಾಸ್ಕರನ ಕಾಲು ಇನ್ನೂ ಒತ್ತಿತು. "ಬಿಸಿಲೂ ಚಂದ ಸರ್! ಮೈಗೆ ಒಳ್ಳೇದು!"

ಸಾಹೇಬರ ಕಣ್ಣು ತುಂಬಿ ಬಂತು. ಎದ್ದು ಬಂದು ನಿಜಗುಣನ ಎರಡೂ ಕೈ ಹಿಡಿದುಕೊಂಡರು.

"ನಿಜ ಹೇಳುತ್ತೇನೆ ಕೇಳು. ಯೂನಿಯನ್‌ವಿಲ್ ಕುರ್ಚಿ ನಿನಗೇ ಕೊಡೋಣವೆಂದು ಬಂದಿದ್ದೆ. ಮಗಳನ್ನು ಬಿಟ್ಟು ಒಬ್ಬನೇ ಇದ್ದಾನೆ, ಕಳಿಸಿಬಿಡಿ ಎಂದು ನನ್ನ ಹೆಂಡತಿ ದಿನಾ ಹೇಳುತ್ತಾಳೆ. ಆದರೆ ನಮ್ಮೂರನ್ನು ಇಷ್ಟು ಮೆಚ್ಚಿದವನಿಂದ ಅದನ್ನು ಹೇಗೆ ಕಿತ್ತುಕೊಳ್ಳಲಿ? ಸಲಿಕೆ, ಬೆಕ್ಕು ಬೇರೆ ಮಾತು. ಇದು ನಮ್ಮ ಮನೆತನದ ಮಾತು. ತಗೋ, ಮಸ್ಕತ್ ನಿನ್ನದು! ಇನ್ನೂ ಐದು ವರ್ಷ!"

ನಿಜಗುಣ ಕೈ ಬಿಡಿಸಿಕೊಂಡು ಎದ್ದು ನಿಂತ. "ಬ್ಯಾಡ ಸರ್!"

"ಸಂಕೋಚ ಬೇಡ."

"ಅಯ್ಯೋ ಬ್ಯಾಡ ಸರ್! ಯೂನಿಯನ್‌ವಿಲ್ ಸಾಕು ನನಗ!"

"ಎಂಥ ದೊಡ್ಡ ಗುಣ! ಕಡಿಮೆಯದನ್ನು ಕೇಳುತ್ತಾನೆ ನೋಡಿ," ಎಂದು ಸಾಹೇಬರು ಎಲ್ಲರ ಕಡೆ ತಿರುಗಿದರು.

"ಸರ್, ಖರೇನ ಬ್ಯಾಡ! ನಿಮ್ಮ ಕಾಲಿಗೆ ಬೀಳತೇನಿ!"

ಸಾಹೇಬರು ಅವನನ್ನು ಬಾಚಿ ತಬ್ಬಿಕೊಂಡರು. "ಮೂರು ಸಲವೂ ಬೇಡ ಅಂದೆ! ನೀನು ನಮ್ಮವನೇ ಆಗಿಬಿಟ್ಟೆ!" ಎಂದು ಹಣೆಗೆ ಮುತ್ತಿಟ್ಟರು. ಯೂನಿಯನ್‌ವಿಲ್‌ಗೆ ಬೇರೆ ಯಾರನ್ನಾದರೂ ಹುಡುಕಬೇಕು, ಹೊತ್ತಾಯಿತು ಎಂದು ಹೊರಟೇಬಿಟ್ಟರು.

ಕಾರು ತಿರುವು ದಾಟುವವರೆಗೂ ಎಲ್ಲರೂ ಕೈ ಬೀಸಿದರು. ಆಮೇಲೆ ಒಳಗೆ ಬಂದರು. ಭಾಸ್ಕರ ಗಂಟಲು ಸರಿಮಾಡಿಕೊಂಡ.

"ಬೇಜಾರ್ ಮಾಡ್ಕೋಬೇಡಿ ನಿಜಗುಣ. ಐದು ವರ್ಷ ತಾನೇ? ಫ್ಯಾಮಿಲೀನೂ ಕರ್ಕೊಂಡ್ ಹೋಗ್ಬಿಡಿ."

ನಿಜಗುಣ ಆಸೆಯಿಂದ ಹೆಂಡತಿಯ ಮುಖ ನೋಡಿದ. ಹೇಮಶ್ರೀ ಕಸೂತಿ ಚೌಕಟ್ಟನ್ನು ಮೊಳೆಗೆ ನೇತುಹಾಕಿ, ಓರೆಯಾಗದಂತೆ ಸರಿಮಾಡಿ, ಹಿಂದಕ್ಕೆ ಸರಿದು ನೋಡುತ್ತಿದ್ದಳು.

"ಹೊಗಳಿದವರಿಗೆ ಸಿಕ್ಕೈತಿ, ಹೋಗಿ ಬರ್ರಿ," ಅಂದಳು. "ನಾ ಏನ ಹೊಗಳಿಲ್ಲ. ನಾ ಇಲ್ಲೇ ಇರತೇನಿ."