ಮೆಣಸಿನಕಾಯಿ ಮನೆಯ ಜಂತುಹುಳ

ಹುಳದ ಮೇಲೆ ನನಗೆ ಸಿಟ್ಟಿಲ್ಲ, ಅದು ಅದರ ಹೊಟ್ಟೆಪಾಡು ನೋಡಿಕೊಳ್ಳುತ್ತದೆ. ನನ್ನ ಸಿಟ್ಟೆಲ್ಲ ಎರಡು ಕಾಲಿನ ಶಾಣ್ಯಾರ ಮೇಲೆ. ವರ್ಷಕ್ಕೊಮ್ಮೆಯಾದರೂ ಏನೋ ಒಂದು ಮಾಡಿ ನನ್ನ ನೆತ್ತಿ ಕಾಯಿಸದಿದ್ದರೆ ಇವರಿಗೆ ಉಂಡದ್ದು ಕರಗುವುದಿಲ್ಲ. ಆ ವರ್ಷ ಇವರ ಕೈಗೆ ಸಿಕ್ಕಿದ್ದು ನನ್ನ ಮೊಮ್ಮಗಳ ಹೊಟ್ಟೆ.

೧. ಖಾರದ ಭರವಸೆ

ಹುಡುಗಿಗೆ ಆರು ವರ್ಷ. ಕೈಕಾಲು ಕಡ್ಡಿ, ಹೊಟ್ಟೆ ಗಡಿಗೆ. ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ, ಹೊಕ್ಕಳ ಹಿಡಿದುಕೊಂಡು ಅಳುತ್ತಿದ್ದಳು. ಶಾಲೆಗೆ ಬಂದ ನರ್ಸಬಾಯಿ ಪಾಪ, ಹುಳದ ಗುಳಿಗೆ ಕೊಟ್ಟು ಕಳಿಸಿದರೆ ನನ್ನ ಮಗ ಅದನ್ನು ಗಟಾರಕ್ಕೆ ಒಗೆದ. ಅವನದು ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ.

"ಅವ್ವಾ, ಮೂರು ತಲಿಯಿಂದ ಮೆಣಸಿನಕಾಯಿ ತಿಂದ ಮನಿತನ ನಮ್ದು. ಈ ಖಾರದಾಗ ಹುಳ ಬದುಕತಾವೇನು?"

"ಯಪ್ಪಾ, ಬ್ಯಾಡಗಿ ಕಾಯಿ ಮಂದಿ ಬಣ್ಣಕ್ಕ ಒಯ್ತಾರ, ಖಾರಕ್ಕಲ್ಲ! ದಲಾಲಿ ಮಾಡತಿ, ಇಷ್ಟೂ ತಿಳೀದಿಲ್ಲ? ನಿನ್ನ ಖಾರಕ್ಕ ಹುಳ ಸಾಯೂದಿಲ್ಲ, ಕೆಂಪಗ ಆಗತಾವು ಅಷ್ಟ!"

೨. ಹೊಕ್ಕಳ ಮೇಲಿನ ಬಟ್ಟಲು

ರಾಣೆಬೆನ್ನೂರಿನ ಸಂತೆಯಲ್ಲಿ ಒಬ್ಬಾತ ಹೊಕ್ಕಳಿನಿಂದ ಹುಳ ಜಗ್ಗುತ್ತಾನೆಂದು ಯಾರೋ ಹೇಳಿದರು. ಮಗ ಹುಡುಗಿಯನ್ನು ಎತ್ತಿಕೊಂಡು ಓಡಿದ, ಬೆನ್ನಿಗೆ ನಾನೂ ಹೋದೆ. ಆತ ಹುಡುಗಿಯ ಹೊಕ್ಕಳ ಮೇಲೆ ಹಿತ್ತಾಳೆ ಬಟ್ಟಲು ಬೋರಲು ಹಾಕಿದ, ಮೇಲೆ ಅರಿವೆ ಮುಚ್ಚಿದ, ಗೊಣಗೊಣ ಮಂತ್ರ ಹೇಳಿ ಬಟ್ಟಲು ತೆಗೆದ. ಒಳಗೊಂದು ಹುಳ! ಮಗ ಕೈ ಮುಗಿದುಬಿಟ್ಟ.

"ಇನ್ನ ಇಂಗ್ಲಿಷ್ ಔಷಧ ಮುಟ್ಟಸಬ್ಯಾಡ್ರಿ, ಉಳಿದ ಹುಳ ತಲಿಗೆ ಏರ್ತಾವು" ಎಂದ ಆತ.

ನಾನು ಬಗ್ಗಿ ನೋಡಿದೆ. ಹುಳ ಮುಂದೆ ದಪ್ಪಗಾಗಿ, ಹಿಂದೆ ಸಣ್ಣಗಾಗಿ, ಮೈ ಎಳೆದೆಳೆದು ನಡೆಯುತ್ತಿತ್ತು. ಮೈತುಂಬ ಉಂಗುರ. ನನ್ನ ಮೈಯೆಲ್ಲ ಉರಿಯಿತು.

"ಏ ಅಣ್ಣಾ, ನಾಲ್ಕು ಮಕ್ಕಳ ಜಂತುಹುಳ ಈ ಕೈಲೆ ತೊಳದೇನಿ. ಅದು ಶ್ಯಾವಿಗಿಯಂಗ ನುಣ್ಣಗ ಇರತೈತಿ. ಆ ಕಡೆ ಈ ಕಡೆ ಬಳಕಿ ಒದ್ದಾಡತೈತಿ, ಹಿಂಗ ಉದ್ದ-ಗಿಡ್ಡ ಆಗೂದಿಲ್ಲ. ಇದು ಎರಿಹುಳ!"

ಬಟ್ಟಲು ಕಸಿದು ಬೇವಿನ ಗಿಡದ ಬುಡದ ಹಸಿ ಮಣ್ಣಿಗೆ ಸುರುವಿದೆ. ಹುಳ ತವರಿಗೆ ಬಂದವಳ ಹಾಗೆ ಸರಸರ ಒಳಗೆ ಹೋಯಿತು.

"ನೋಡ್ರಿ ಎಲ್ಲಾರೂ, ಹೊಟ್ಟ್ಯಾಗಿನ ಹುಳ ಒಕ್ಕಲತನಕ್ಕ ಹೊಂಟತು!"

೩. ಹುಳದ ತಿರುಗಾಟ

ಮರುದಿನ ಮಗನ ರಟ್ಟೆ ಹಿಡಿದು, ಹುಡುಗಿಯನ್ನು ಸೊಂಟಕ್ಕೇರಿಸಿ ಹಾವೇರಿ ಬಸ್ಸು ಹತ್ತಿದೆ. ಅಲ್ಲಿಯ ದವಾಖಾನೆಯಲ್ಲಿ ಹುಡುಗಿಯ ಹೊಟ್ಟೆ ಒತ್ತಿ ನೋಡಿದ ಡಾಕ್ಟರಬಾಯಿ ಮಗನ ಮೇಲೆ ಹರಿಹಾಯ್ದರು.

"ಇಷ್ಟ ದಿನ ಏನ್ ಮಾಡಾಕತ್ತಿದ್ರಿ? ಹುಳ ಗಂಟ ಬಿದ್ದು ಕರಳು ಕಟ್ಟಿದ್ರ ಹೊಟ್ಟಿ ಕೊಯ್ಯಬೇಕಾಗತೈತಿ!"

ಮಗ ಹುಡುಗಿಯನ್ನು ಎತ್ತಿ ಎದೆಗವಚಿಕೊಂಡ. ಆಮೇಲೆ ಅವರು ಸಮಾಧಾನದಿಂದ ತಿಳಿಸಿ ಹೇಳಿದರು. ಈ ಹುಳಕ್ಕೆ ಮೈ ಉದ್ದಕ್ಕೆ ಮಾತ್ರ ಸ್ನಾಯು, ಸುತ್ತ ಇಲ್ಲ. ಅದಕ್ಕೇ ಬಳಕುವುದೊಂದೇ ಗೊತ್ತು. ಕರುಳನ್ನು ಕಚ್ಚಿ ಹಿಡಿಯುವುದಿಲ್ಲ, ಉಂಡ ಅನ್ನ ಹರಿಯುವ ದಿಕ್ಕಿಗೆ ಎದುರಾಗಿ ಈಜುತ್ತಲೇ ಇರುತ್ತದೆ. ಗುಳಿಗೆ ಅದರ ಕಸುವು ತೆಗೆದರೆ ಹೊರಗೆ ಬೀಳುತ್ತದೆ. ಮಣ್ಣಿನಲ್ಲಿದ್ದ ತತ್ತಿ ಕೈಯಿಂದ ಬಾಯಿಗೆ ಹೋಗಿ, ಮರಿಯಾಗಿ, ರಕ್ತದಲ್ಲಿ ಪುಪ್ಪುಸಕ್ಕೆ ಸೇರಿ, ಗಂಟಲಿಗೆ ಹತ್ತಿ, ಮತ್ತೆ ಹೊಟ್ಟೆಗೇ ಇಳಿಯುತ್ತದಂತೆ.

ಮಗ ಬಾಯಿ ತೆರೆದು ಕೇಳುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಕೇಳಿದೇನು? ಅಷ್ಟ ಊರು ತಿರುಗಿದ ಹುಳ ಸೈತ ಮನಿಗೆ ವಾಪಸ್ ಬರತೈತಿ. ನೀ ಪೇಟಿಗೆ ಹೋದ್ರ ಉಣ್ಣಾಕೂ ಬರೂದಿಲ್ಲ!"

೪. ಯಾರು ಯಾರನ್ನು ನೋಡಿದರು

ಮನೆಮಂದಿಯೆಲ್ಲ ಗುಳಿಗೆ ಅಗಿದು ನುಂಗಬೇಕೆಂದು ಡಾಕ್ಟರಬಾಯಿ ಹೇಳಿದ್ದರು. ಹುಡುಗಿ ಬಾಯಿ ಬಿಗಿಹಿಡಿದಳು. "ಆಯಿ, ಅಪ್ಪ ತಗೊಂಡ್ರ ನಾ ತಗೋತೇನಿ."

"ನನಗ್ಯಾಕ? ನಾ ಗಟ್ಟಿಮುಟ್ಟ ಅದೇನಿ" ಎಂದ ಮಗ.

ನಾನು ಲಟ್ಟಣಿಗೆ ಎತ್ತಿದೆ. "ಹುಡುಗಿ ಹೊಟ್ಟಿ ಕೊಯ್ಯೂದು ನೋಡಬೇಕಾಗೇತೇನು ನಿನಗ?"

ತೆಪ್ಪಗೆ ಅಗಿದ. ಹುಡುಗಿಯೂ ಅಗಿದಳು.

ಮರುದಿನ ಮುಂಜಾನೆ ಹುಡುಗಿಗೆ ಹುಳ ಬಿದ್ದವು. ಮಧ್ಯಾಹ್ನದ ಹೊತ್ತಿಗೆ ನೋವು ಇಳಿದು, ತಾನಾಗಿ ಎರಡನೇ ರೊಟ್ಟಿ ಕೇಳಿದಳು. ನನ್ನ ಸಿಟ್ಟೂ ಅಲ್ಲಿಗೆ ಇಳಿಯಬೇಕು, ಅಷ್ಟರಲ್ಲಿ ಹಿತ್ತಲ ಪಾಯಖಾನೆಯಿಂದ ಇಡೀ ಓಣಿಗೆ ಕೇಳುವಂತೆ ಮಗನ ಕೂಗು.

"ಅವ್ವಾ! ಲಗೂನ ಬಾ! ಇಲ್ಲೊಂದು ಬಿದ್ದೈತಿ! ಎರಡೂ ತುದಿ ಒಂದ ನಮೂನಿ ಅದಾವು, ಎರಡೂ ಕಡೆಯಿಂದ ನನ್ನ ನೋಡಾಕತ್ತೈತಿ!"

"ಅದಕ್ಕ ಕಣ್ಣ ಇಲ್ಲೋ ಮಂಗ್ಯಾ! ನಿನಗ ಎರಡ ಅದಾವು, ಈಗರೆ ತೆರದು ನೋಡು!"