ಮನೆಗಾಡಿಯ ಎಸಿಗೊಂದು ಜನರೇಟರ್

ನನಗೆ ವಸ್ತುಗಳನ್ನು ಆರಿಸಲು ಬರುವುದಿಲ್ಲ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ, ಬೇಸರದಿಂದ ಹೇಳುತ್ತಿದ್ದೇನೆ. ಸಂತೆಯಲ್ಲಿ ಬದನೆಕಾಯಿಯನ್ನು ಒಂದೊಂದಾಗಿ ಎತ್ತಿ, ತಿರುಗಿಸಿ, ತೊಟ್ಟು ನೋಡಿ, ಮಾರುವ ಹೆಂಗಸಿನ ಬೈಗುಳ ತಿಂದು, ಕಡೆಗೆ ಹುಳುಕಿದ್ದನ್ನೇ ಚೀಲಕ್ಕೆ ಹಾಕಿಕೊಂಡು ಮನೆಗೆ ಬರುವವನು ನಾನು. ಇಂಥವರು ಕಣ್ಣುಮುಚ್ಚಿ ಯಾವುದೋ ಒಂದನ್ನು ಕೊಂಡು ಕೈತೊಳೆದುಕೊಳ್ಳುವುದು ಒಳ್ಳೆಯದು. ನನಗೆ ಅದೂ ಆಗದು. ಹತ್ತು ಅಂಗಡಿ ಸುತ್ತಬೇಕು, ಇಪ್ಪತ್ತು ಜನರನ್ನು ಕೇಳಬೇಕು, ಅವರು ಹೇಳಿದ್ದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ರಾತ್ರಿ ಹೊರಳಾಡಬೇಕು. ಅಷ್ಟರಲ್ಲಿ ಆ ವಸ್ತುವಿನ ಕಾಲವೇ ಮುಗಿದಿರುತ್ತದೆ. ಒಮ್ಮೆ ಸ್ವೆಟರ್ ಆರಿಸಿ ಮನೆಗೆ ತಂದ ದಿನ ಬೀದಿಯಲ್ಲಿ ಐಸ್‌ಕ್ಯಾಂಡಿ ಗಾಡಿ ಬಂದಿತ್ತು.

ಇಂಥ ನನ್ನ ತಲೆಗೆ ಜನರೇಟರ್ ಕಟ್ಟಿದವಳು ನನ್ನ ಹೆಂಡತಿ ಮಂಗಳಾ. ಅವಳನ್ನು ದೂರುವ ಹಾಗೂ ಇಲ್ಲ. ನಾನು ಜಗಳೂರಿನಲ್ಲಿ ತಾಲ್ಲೂಕು ಕಚೇರಿ ಗುಮಾಸ್ತ, ಅವಳು ನ್ಯಾಮತಿಯಲ್ಲಿ ಶಾಲೆ ಟೀಚರು, ಮನೆ ಮಾತ್ರ ಚನ್ನಗಿರಿಯಲ್ಲಿ. ಅವಳದು ಅಲ್ಲೊಂದು ಬಾಡಿಗೆ ಕೋಣೆ, ನನ್ನದು ಇಲ್ಲೊಂದು. ಶನಿವಾರ ಬೇರೆ ಬೇರೆ ಬಸ್ಸಿನಲ್ಲಿ ಬಂದು ಸೇರುತ್ತಿದ್ದೆವು, ಸೋಮವಾರ ನಸುಕಿಗೆ ಬೇರೆ ಬೇರೆ ಬಸ್ಸು ಹತ್ತುತ್ತಿದ್ದೆವು. ಗಂಡ ಹೆಂಡತಿ ಒಂದೇ ಕಡೆ ಇರಬೇಕೆಂದು ವರ್ಗಾವಣೆ ಕೇಳದ ವರ್ಷವಿಲ್ಲ. ಒಮ್ಮೆ ನನ್ನನ್ನು ನ್ಯಾಮತಿಯ ಹತ್ತಿರದ ಹೊನ್ನಾಳಿಗೆ ಹಾಕಿದರು. ಅದೇ ವರ್ಷ ಅವಳನ್ನು ಎರಡು ಬಸ್ಸು ಬದಲಿಸಿ ಹೋಗಬೇಕಾದ ಹಳ್ಳಿಗೆ ಹಾಕಿದರು. ಒಟ್ಟಿನಲ್ಲಿ ನಮ್ಮ ಸಂಸಾರ ನಡೆದದ್ದು ಭಾನುವಾರಗಳಲ್ಲಿ. ಆ ಭಾನುವಾರಗಳಲ್ಲೂ ಬಟ್ಟೆ ಒಗೆಯುವುದು, ನೆಂಟರ ಮದುವೆಗೆ ಹೋಗುವುದು, ಅವಳ ಜೊತೆಗಿದ್ದ ಮಗಳಿಗೆ ಲೆಕ್ಕ ಹೇಳಿಕೊಡುವುದು ಇದ್ದೇ ಇತ್ತು. ಮಗಳು ಮದುವೆಯಾಗಿ ಹರಿಹರಕ್ಕೆ ಹೋದಳು, ನಾವಿಬ್ಬರೂ ನಿವೃತ್ತರಾದೆವು. ಆಗ ನೋಡಿದರೆ ಒಬ್ಬರ ಎದುರು ಒಬ್ಬರು ಕುಳಿತು ಏನು ಮಾತಾಡಬೇಕೆಂದೇ ತಿಳಿಯದು. ಬುಧವಾರ ಬಂದರೆ ನನಗೆ ಯಾರದೋ ಮನೆಯಲ್ಲಿ ಅತಿಥಿಯಾಗಿ ಉಳಿದುಬಿಟ್ಟಂತೆ ಮುಜುಗರವಾಗುತ್ತಿತ್ತು.

ಮಂಗಳಾ ಒಂದು ದಿನ, “ಬಸ್ಸಿನಾಗೆ ಬೇರೆ ಬೇರೆ ಓಡಾಡಿದ್ದು ಸಾಕು ಕಣ್ರೀ, ಇನ್ನ ಒಂದೇ ಗಾಡಿಯಾಗೆ ಹೋಗಾನ” ಎಂದಳು. ಹಾಗಾಗಿ ಒಂದು ಹಳೆ ಸ್ಕೂಲ್ ವ್ಯಾನ್ ಕೊಂಡು, ಸೀಟು ಕಿತ್ತುಹಾಕಿಸಿ, ಎರಡು ಮಂಚ, ಒಂದು ಒಲೆ ಕಟ್ಟೆ ಮಾಡಿಸಿ, ಅದರಲ್ಲೇ ಉಂಡು ಮಲಗಿ ಊರೂರು ಸುತ್ತುವಂಥ ಕ್ಯಾಂಪರ್ ಮಾಡಿಕೊಂಡೆವು. ಹಳದಿ ಬಣ್ಣ ಹಾಗೇ ಉಳಿಯಿತು. ನಮ್ಮ ಬೀದಿಯವರು ಅದಕ್ಕೆ ಮನೆಗಾಡಿ ಎಂದು ಹೆಸರಿಟ್ಟರು. ಆದರೆ ಮಂಗಳಾಗೆ ಬಿ.ಪಿ. ಇದೆ, ಸೆಕೆ ಹೆಚ್ಚಾದರೆ ತಲೆ ಸುತ್ತಿ ಬೀಳುತ್ತಾಳೆ. ತಗಡಿನ ಗಾಡಿ ಬಿಸಿಲಲ್ಲಿ ನಿಂತರೆ ಒಳಗೆ ರೊಟ್ಟಿ ಬೇಯುತ್ತದೆ. ಹಿಂಬದಿಗೆ ಒಂದು ಎಸಿ ಕೂರಿಸಿದ್ದಾಯಿತು. ಆದರೆ ಮನೆಯ ಕರೆಂಟಿಗೆ ಮಾಡಿದ ಎಸಿ ಅದು, ಗಾಡಿಯ ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಊರಾಚೆ ನಿಂತರೆ ಅದಕ್ಕೆ ಕರೆಂಟು ಕೊಡುವವರು ಯಾರು? “ಎಸಿ ಓಡಿದ ದಿನ ಹೊರಡಾನ, ಅದು ಓಡದೆ ನಾನು ಆ ತಗಡಿನ ಡಬ್ಬಿ ಹತ್ತಾಕಿಲ್ಲ” ಎಂದುಬಿಟ್ಟಳು. ನಾವು ಜೊತೆಯಾಗಿ ಎಲ್ಲಿಗಾದರೂ ಹೋಗುತ್ತೇವೋ ಇಲ್ಲವೋ ಎಂಬುದೆಲ್ಲ ನಾನು ಆರಿಸುವ ಜನರೇಟರಿಗೆ ಬಂದು ನಿಂತಿತು.

ದಾವಣಗೆರೆಯಲ್ಲಿ ಅಂಗಡಿ ಅಂಗಡಿ ಅಲೆದೆ. ಮೊದಲ ಅಂಗಡಿಯವನು, “ತೋಟಕ್ಕಾ ಸಾರ್, ಅಂಗಡಿಗಾ?” ಎಂದು ಕೇಳಿದ. “ಮಲಗಾಕೆ” ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಯಂತ್ರದ ಹಗ್ಗ ಎಳೆದ. “ಇದು ಸೈಲೆಂಟ್ ಮಾಡೆಲ್ ಸಾರ್” ಎಂದು ಅವನು ಕಿವಿಯ ಹತ್ತಿರ ಬಂದು ಕಿರುಚಿದ್ದರಿಂದ ನನಗೆ ಕೇಳಿಸಿತು. ಇನ್ನೊಂದು ಅಂಗಡಿಯದು ನಿಜಕ್ಕೂ ಸದ್ದಿಲ್ಲದ್ದು, ಸೂಟ್‌ಕೇಸಿನಷ್ಟೇ ಇತ್ತು, ಕೈಯಲ್ಲಿ ಎತ್ತಬಹುದಿತ್ತು. ಪ್ರಯೋಗಕ್ಕೆಂದು ಅಂಗಡಿಯ ಎಸಿಗೇ ಜೋಡಿಸಿದರು. ಎಸಿಯ ಫ್ಯಾನು ತಿರುಗಿತು. ನಾನು ಹಿಗ್ಗಿದೆ. ಆಮೇಲೆ ಕಂಪ್ರೆಸರ್ ಶುರುವಾಗುವ ಹೊತ್ತಿಗೆ ಅದು ಒಂದು ಸಲ ಬಿಕ್ಕಳಿಸಿ ನಿಂತೇಹೋಯಿತು. ಎಸಿ ಓಡುವಾಗ ತಿನ್ನುವ ಕರೆಂಟೇ ಬೇರೆ, ಏಳುವಾಗ ತಿನ್ನುವುದೇ ಬೇರೆಯಂತೆ. ಏಳುವ ಆ ಒಂದು ಗಳಿಗೆಗೆ ಎರಡು ಮೂರು ಪಟ್ಟು ಶಕ್ತಿ ಬೇಕಂತೆ. ನನಗೆ ಆ ಎಸಿಯ ಬಗ್ಗೆ ಅನುಕಂಪ ಹುಟ್ಟಿತು. ಬೆಳಗ್ಗೆ ಹಾಸಿಗೆ ಬಿಟ್ಟು ಏಳುವಾಗ ನನ್ನದೂ ಅದೇ ಸ್ಥಿತಿ.

ಅಲ್ಲಿಂದ ನನ್ನ ದುಃಖ ಸ್ಪಷ್ಟವಾಯಿತು. ಎಸಿ ಎಳೆಯುವ ಜನರೇಟರನ್ನು ನಾನು ಎತ್ತಲಾರೆ, ನಾನು ಎತ್ತಬಲ್ಲದ್ದು ಎಸಿ ಎಳೆಯಲಾರದು. ನನಗೆ ಹರ್ನಿಯಾ ಆಪರೇಷನ್ ಆಗಿದೆ. ನೀರಿನ ಕೊಡ ಎತ್ತುವುದಕ್ಕೂ ಡಾಕ್ಟರ ಅಪ್ಪಣೆಯಿಲ್ಲ. ಇದರ ಮೇಲೆ ಯಾರೋ ಪುಣ್ಯಾತ್ಮರು ಜನರೇಟರ್ ಹೊಗೆಯ ವಿಷಯ ಹೇಳಿದರು. ಮುಚ್ಚಿದ ಕೋಣೆಯೊಳಗೆ ಆ ಹೊಗೆ ಸೇರಿದರೆ ವಾಸನೆಯೂ ಗೊತ್ತಾಗದೆ ಮಲಗಿದವರು ಮಲಗಿದಂತೆಯೇ ಹೋಗಿಬಿಡುತ್ತಾರಂತೆ. ನಾನು ಊಟಕ್ಕೆ ಕುಳಿತಾಗಲೆಲ್ಲ ಇದನ್ನೇ ಹೇಳತೊಡಗಿದೆ. ಮಂಗಳಾ ಸಾರು ಬಡಿಸುತ್ತ, “ಸಾಕು ಮಾಡ್ರೀ, ಅನ್ನದ ಮುಂದೆ ಅದನ್ನೇ ಹೇಳ್ತೀರಲ್ಲ” ಎನ್ನುತ್ತಿದ್ದಳು. ಬೇಸಗೆ ಏರುತ್ತಿತ್ತು. ಹಳದಿ ಗಾಡಿ ಅಂಗಳದಲ್ಲಿ ನಿಂತಿತ್ತು. ಬೆಕ್ಕೊಂದು ಅದರ ಕೆಳಗೆ ಮರಿ ಹಾಕಿತು. ಜಗಳೂರಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ತಿಪ್ಪೇಸ್ವಾಮಿ, ನಿವೃತ್ತಿಯಾದ ಮೇಲೆ ಕಾಶಿಗೆ ಹೋಗುತ್ತೇನೆಂದು ಹೊಸ ಹಾಸಿಗೆ ಚೀಲ ಹೊಲಿಸಿಟ್ಟವನು, ಚೀಲ ಬಿಚ್ಚದೆಯೇ ತೀರಿಕೊಂಡನೆಂಬ ಸುದ್ದಿಯೂ ಆ ದಿನಗಳಲ್ಲೇ ಬಂತು. ಮಂಗಳಾ ಗಾಡಿಯ ಕಿಟಕಿಗೆಂದು ಹೊಲಿಯುತ್ತಿದ್ದ ಪರದೆಯನ್ನು ಮಡಿಚಿ ಬೀರುವಿನಲ್ಲಿಟ್ಟಳು. ಅವಳು ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಕೊನೆಗೆ ನಮ್ಮ ಊರಿನ ಶಾಮಿಯಾನ ಅಂಗಡಿಯ ರುದ್ರಪ್ಪನ ಹತ್ತಿರ ಹೋದೆ. ಮದುವೆ, ನಾಮಕರಣ, ಸಾವು ಎಲ್ಲಕ್ಕೂ ಸಾಮಾನು ಬಾಡಿಗೆ ಕೊಡುವವನು ಅವನು. ನನ್ನ ಕಥೆ ಕೇಳಿ, ಅಂಗಡಿಯ ಹಿಂದೆ ಕರೆದುಕೊಂಡು ಹೋಗಿ ಚಕ್ರವಿರುವ ಒಂದು ಜನರೇಟರ್ ತೋರಿಸಿದ. “ಇದನ್ನ ತಳ್ಳಿಕೊಂಡು ಹೋಗ್ಬೋದು ಸಾರ್. ಸದ್ದು ಭಾಳ ಕಮ್ಮಿ ಐತೆ. ಕಂಪ್ರೆಸರ್ ಎಳೆಯಾಕೆ ಇದರಂಥದ್ದು ಇನ್ನೊಂದಿಲ್ಲ” ಎಂದ. ಇದನ್ನು ಯಾತಕ್ಕೆ ಬಳಸುತ್ತೀಯ ಎಂದು ಕೇಳಿದೆ. ಅವನು ಅದರ ಧೂಳು ಒರೆಸುತ್ತ, “ಫ್ರೀಜರ್ ಪೆಟ್ಟಿಗೆಗೆ ಸಾರ್” ಎಂದ. ದೂರದ ನೆಂಟರು ಬರುವ ತನಕ ಹೆಣವನ್ನು ಕೆಡದಂತೆ ಇಡುವ ಪೆಟ್ಟಿಗೆ ಅದು. ಕರೆಂಟು ಹೋದರೆ ಕೆಲಸ ಕೆಡುತ್ತದೆಂದು ಅದರ ಜೊತೆಗೆ ಈ ಜನರೇಟರನ್ನೂ ಕಳಿಸುತ್ತಾನೆ. “ಇವತ್ತಿನ ತನಕ ಒಬ್ಬ ಗಿರಾಕಿನೂ ಕಂಪ್ಲೇಂಟ್ ಹೇಳಿಲ್ಲ ಸಾರ್” ಎಂದು ಭರವಸೆ ಕೊಟ್ಟ. ಪ್ರಯೋಗಕ್ಕೆ ಒಂದು ದಿನ ಕಳಿಸಿ ನೋಡು, ಎಳೆದರೆ ಇಂಥದ್ದನ್ನೇ ಕೊಳ್ಳುತ್ತೇನೆ ಎಂದೆ. ಯಾವುದಕ್ಕೆ ಬಳಸುವುದೆಂಬುದನ್ನು ಮಂಗಳಾಗೆ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ರುದ್ರಪ್ಪನ ಆಳುಗಳು ಅಂಗಡಿಯ ಗಾಡಿಯಲ್ಲಿ ಅದನ್ನು ತಂದರು. ಹೊಗೆಯ ಭಯದಿಂದ ನಾನು ಜನರೇಟರನ್ನು ಗೇಟಿನ ಆಚೆ ಬೀದಿಯ ಅಂಚಿಗೆ ಇಡಿಸಿ, ಉದ್ದನೆ ವೈರು ಎಳೆಸಿದೆ. ಮಂಗಳಾ, “ಮೊದಲು ನೀವು ಮಲಗಿ ನೋಡ್ರಿ, ನಾನು ಗಿರಣಿಗೆ ಹೋಗಿ ಬರ್ತೀನಿ” ಎಂದು ಮನೆಗೆ ಬೀಗ ಹಾಕಿ ಜೋಳದ ಡಬ್ಬ ಹಿಡಿದು ಹೊರಟಳು. ಎಸಿ ಹಾಕಿದೆ. ಯಂತ್ರ ಒಂದು ಸಲ ಗುಟುರು ಹಾಕಿ ಸಲೀಸಾಗಿ ಎಳೆಯಿತು. ತಣ್ಣನೆ ಗಾಳಿ ಬಂತು. ಅಂಥ ಬೇಸಗೆಯಲ್ಲಿ ಬಿಳಿ ದುಪ್ಪಟಿ ಕುತ್ತಿಗೆಯವರೆಗೆ ಹೊದ್ದು, ಗಾಡಿಯ ಬಾಗಿಲು ಕಿಟಕಿ ಭದ್ರ ಮಾಡಿ ಮಲಗಿದೆ. ನಿದ್ದೆ ಎಂದರೆ ಅದು ನಿದ್ದೆ. ಎಸಿಯ ಸದ್ದಿನಲ್ಲಿ ಹೊರಗಿನದೊಂದೂ ಕೇಳಿಸುತ್ತಿರಲಿಲ್ಲ.

ಹೊರಗೆ ನಡೆದದ್ದನ್ನು ಆಮೇಲೆ ಪಕ್ಕದ ಮನೆಯ ಕೊಟ್ರಪ್ಪನೇ ಹೇಳಿದ. ರುದ್ರಪ್ಪನ ಆಳುಗಳಿಗೆ ಆ ಜನರೇಟರ್ ಎಲ್ಲಿಗೆ ಹೋದರೂ ಅಲ್ಲಿ ಮಾಡುವ ಕೆಲಸ ಒಂದೇ. ಕೈ ರೂಢಿಯಂತೆ ಅಂಗಳದಲ್ಲಿ ಸಾಲಾಗಿ ಕುರ್ಚಿ ಹಾಕಿ, ಬಿಸಿಲಿಗೆ ಒಂದು ತಾಡಪಾಲು ಕಟ್ಟಿ ಹೋಗಿದ್ದರು. ನಮ್ಮ ಕಡೆ ಆ ಯಂತ್ರದ ಗುರುತು ಹಿಡಿಯದವರಿಲ್ಲ. ಮನೆಯ ಮುಂದೆ ಅದು ಓಡುತ್ತಿದೆ, ಕುರ್ಚಿ ಬಿದ್ದಿವೆ, ಬಾಗಿಲಿಗೆ ಬೀಗವಿದೆ ಎಂದರೆ ಹೆಣ ದಾವಣಗೆರೆ ಆಸ್ಪತ್ರೆಯಿಂದ ಇನ್ನೂ ಬರಬೇಕು ಎಂದೇ ಅರ್ಥ. ದಾರಿಹೋಕರು ಚಪ್ಪಲಿ ಬಿಟ್ಟು ಕುಳಿತರು. ಅವರನ್ನು ನೋಡಿ ಇನ್ನಷ್ಟು ಜನ ಕುಳಿತರು. ಕೊಟ್ರಪ್ಪ ಮುಂದಾಳತ್ವ ವಹಿಸಿ ಹೊನ್ನಾಳಿಯಲ್ಲಿರುವ ಮಂಗಳಾಳ ತಂಗಿಗೆ ಫೋನ್ ಮಾಡಿದ, ಹೂವಿನ ಹಾರಕ್ಕೆ ಹೇಳಿದ. ಬಿ.ಪಿ. ಇದ್ದದ್ದು ಮಂಗಳಾಗೆ, ಹಾಗಾಗಿ ಹೋದವಳು ಅವಳೇ ಎಂದು ಎಲ್ಲರೂ ಒಪ್ಪಿದ್ದರಂತೆ. “ಪಾಪ, ಗಂಡಂಗೆ ಒಂದು ಬದನೆಕಾಯಿ ಆರಿಸಾಕೂ ಬರಲ್ಲ, ಹೆಂಗೆ ಬದುಕ್ತಾನೋ” ಎಂದು ನನ್ನ ಮೇಲೆ ಮರುಕ ತೋರಿಸಿದವರೂ ಇದ್ದರಂತೆ.

ಅಷ್ಟರಲ್ಲಿ ಮಂಗಳಾ ಹಿಟ್ಟಿನ ಡಬ್ಬ ಹೊತ್ತು ಗೇಟು ದಾಟಿ ಬಂದಳು. ಅವಳು ಬದುಕಿದ್ದಾಳೆ ಎಂದ ಮೇಲೆ ಲೆಕ್ಕದಲ್ಲಿ ಉಳಿದವನು ನಾನೊಬ್ಬನೇ. ಹೆಂಗಸರು ಗೋಳೋ ಎಂದು ಬಂದು ಅವಳನ್ನು ತಬ್ಬಿಕೊಂಡರು. ಕೊಟ್ರಪ್ಪ ಕಣ್ಣೊರೆಸಿಕೊಂಡು, “ಬೆಳಗ್ಗೆ ಚೆನ್ನಾಗೇ ಇದ್ರಲ್ಲಮ್ಮಾ ಯಜಮಾನ್ರು, ಹೆಂಗಾತು?” ಎಂದ. ಅವಳಿಗೆ ಏನೂ ತಿಳಿಯಲಿಲ್ಲ. ಸುತ್ತಲ ಮುಖಗಳನ್ನು ನೋಡಿದಳು, ಓಡುತ್ತಿದ್ದ ಜನರೇಟರ್ ನೋಡಿದಳು, ಬಾಗಿಲು ಮುಚ್ಚಿದ ಹಳದಿ ಗಾಡಿಯನ್ನು ನೋಡಿದಳು. ಅನ್ನದ ಮುಂದೆ ನಾನು ಹೇಳುತ್ತಿದ್ದದ್ದೆಲ್ಲ ಆಗ ನೆನಪಾಯಿತಂತೆ. ಡಬ್ಬ ಕೈಬಿಟ್ಟು ಓಡಿಬಂದು ಎರಡೂ ಕೈಯಲ್ಲಿ ಗಾಡಿಯನ್ನು ಬಡಿದಳಂತೆ. “ರೀ, ಬಾಗ್ಲು ತೆಗೀರಿ, ರೀ” ಎಂದು ಅಂಗಲಾಚಿದಳಂತೆ. ನನಗೆ ಕೇಳಿಸಲಿಲ್ಲ. ಗಂಡಸರೆಲ್ಲ ಸೇರಿ ಗಾಡಿಯನ್ನು ಅಲ್ಲಾಡಿಸಿದಾಗ ಎಚ್ಚರವಾಗಿ, ದುಪ್ಪಟಿ ಹೊದ್ದುಕೊಂಡೇ ಬಾಗಿಲು ತೆರೆದೆ.

ತಣ್ಣನೆ ಗಾಳಿಯೂ ನಾನೂ ಒಟ್ಟಿಗೆ ಹೊರಬಂದೆವು. ಮುಂದಿನ ಸಾಲಿನವರು ಹಿಂದಿನ ಸಾಲಿನ ಮೇಲೆ ಬಿದ್ದರು. ನಾನಿನ್ನೂ ನಿದ್ದೆಗಣ್ಣಿನಲ್ಲಿ, “ಎಳೀತು ಕಣೆ, ಚೆನ್ನಾಗಿ ಎಳೀತು” ಎಂದೆ. ಮಂಗಳಾ ಬೈಯಲಿಲ್ಲ. ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡು ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಅವಳ ಮುಖ, ಸೀರೆ, ಕೈಯೆಲ್ಲ ಹಿಟ್ಟಾಗಿತ್ತು. ಆ ಭಾನುವಾರಗಳ ಉದ್ದಕ್ಕೂ ಅವಳು ನನ್ನನ್ನು ಹಾಗೆ ಹಿಡಿದುಕೊಂಡದ್ದು ನನಗೆ ನೆನಪಿಲ್ಲ. ನನಗೆ ಅಳು ಬಂತು. ಊರ ಮುಂದೆ ಅತ್ತೆ.

ಬಂದ ಜನರ ಮುಖದಲ್ಲಿ ಸಮಾಧಾನವೂ ಇತ್ತು, ಕೆಲಸ ಬಿಟ್ಟು ಬಂದದ್ದು ದಂಡವಾಯಿತಲ್ಲ ಎಂಬ ಬೇಸರವೂ ಇತ್ತು. ಮಂಗಳಾ ಎದ್ದು ಎಲ್ಲರಿಗೂ ಕಾಫಿ ಮಾಡುತ್ತೇನೆಂದರೆ, ಸಾವಿನ ಮನೆಗೆಂದು ಬಂದವರು ಕುಡಿಯಬಹುದೋ ಬಾರದೋ ಎಂದು ಚರ್ಚೆ ಎದ್ದಿತು. ಹೋಗುವಾಗ ‘ಬರ್ತೀವಿ’ ಎನ್ನಬೇಕೋ ಸುಮ್ಮನೆ ಎದ್ದು ಹೋಗಬೇಕೋ ತಿಳಿಯದೆ ಕೆಲವರು ಗೇಟಿನಲ್ಲಿ ನಿಂತುಬಿಟ್ಟರು. ಹೊನ್ನಾಳಿಯಿಂದ ಬಸ್ಸಿನುದ್ದಕ್ಕೂ ಅತ್ತುಕೊಂಡು ಬಂದ ನಾದಿನಿ ಬದುಕಿದ್ದ ಅಕ್ಕನನ್ನು ಕಂಡು ಇನ್ನೊಮ್ಮೆ ಅತ್ತಳು. ಸತ್ತವರಿಲ್ಲದಿದ್ದರೂ ಸೂತಕಕ್ಕೆಂದು ಹೊರಟದ್ದು ಹೊರಟದ್ದೇ ಎಂದು ತಲೆಗೆ ಸ್ನಾನ ಮಾಡಿದಳು. ಅವಳನ್ನು ನೋಡಿ ಕೊಟ್ರಪ್ಪನ ಮನೆಯವರೂ ಮಾಡಿದರು. ನಮ್ಮ ತೊಟ್ಟಿಯ ನೀರು ಖಾಲಿಯಾಯಿತು. ಆಗಲೇ ಹೇಳಿಬಿಟ್ಟಿದ್ದ ಹಾರ ಸಂಜೆಗೆ ಬಂತು. ಅದನ್ನು ಏನು ಮಾಡಬೇಕೆಂದು ಯಾರಿಗೂ ತೋಚದೆ ಗಾಡಿಯ ಮೂತಿಗೆ ಕಟ್ಟಿದೆವು.

ಮರುದಿನ ಜನರೇಟರ್ ವಾಪಸ್ ಕಳಿಸುವಾಗ, ಕೊಳ್ಳೋಣವೇ ಎಂದು ಮಂಗಳಾಳನ್ನು ಕೇಳಿದೆ. “ಅದೂ ಬ್ಯಾಡ, ಎಸಿನೂ ಬ್ಯಾಡ. ಬೆವರಿದ್ರೆ ಬೆವರ್ತೀನಿ. ಒದ್ದೆ ಟವಲ್ ತಲೆ ಮ್ಯಾಲೆ ಹಾಕ್ಕಂತೀನಿ. ಕಿಟಕಿ ಬಾಗ್ಲು ಎಲ್ಲಾ ತೆಗೆದಿಟ್ಟು ಹೋಗಾನ” ಎಂದಳು. ಹಾಗೇ ಹೊರಟೆವು. ಸಾಸ್ವೆಹಳ್ಳಿ ದಾಟಿ ಹೊಳೆಯ ದಂಡೆಯಲ್ಲಿ ಒಂದು ಹುಣಸೆ ಮರದ ನೆರಳಿಗೆ ಗಾಡಿ ನಿಲ್ಲಿಸಿ, ತಂದ ರೊಟ್ಟಿ ತಿಂದು, ಇಬ್ಬರೂ ಮಂಚದ ಮೇಲೆ ಉರುಳಿದೆವು. ಸೆಕೆ ಯಾವ ಮುಲಾಜೂ ಇಲ್ಲದೆ ಒಳಗೆ ಬಂತು. ಅವಳು ನೊಣ ಓಡಿಸುತ್ತ, ನನ್ನ ಕಡೆ ತಿರುಗದೆ, “ನೀವು ಗೊರಕೆ ಹೊಡೀತಿದ್ರೆ ನಂಗೆ ಧೈರ್ಯ. ಸದ್ದು ನಿಂತ್ರೆ ಜೀವ ಝಲ್ ಅಂತೈತೆ” ಎಂದಳು.

ಅಂದಿನಿಂದ ನನಗೆ ಮಧ್ಯಾಹ್ನದ ನಿದ್ದೆಯಿಲ್ಲ. ಆ ಸೆಕೆಯಲ್ಲಿ ನಿದ್ದೆ ಬಾರದು, ನಿದ್ದೆಯಿಲ್ಲದೆ ಗೊರಕೆ ಬಾರದು, ಗೊರಕೆಯಿಲ್ಲದೆ ಅವಳು ಮಲಗಳು. ಹಾಗಾಗಿ ಕಣ್ಣುಬಿಟ್ಟುಕೊಂಡು, ಗಾಡಿಯ ತಗಡಿನ ಸೂರು ನೋಡುತ್ತ, ಸುಳ್ಳು ಗೊರಕೆ ಹೊಡೆಯುತ್ತೇನೆ. ಅವಳು ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಾಳೆ. ಗಂಟಲು ಒಣಗಿ ಎಂಜಲು ನುಂಗಲು ಒಂದು ಗಳಿಗೆ ನಿಲ್ಲಿಸಿದರೆ ಸಾಕು, ಪಕ್ಕದ ಮಂಚದಿಂದ “ರೀ” ಎನ್ನುತ್ತಾಳೆ. “ಇದೀನಿ ಕಣೆ” ಎಂದು ಮತ್ತೆ ಶುರು ಮಾಡುತ್ತೇನೆ.