ಕಾಲುವೆಗೆ ಬಂದ ಯಂತ್ರ ಯಾರ ಕಡೆ?

ಮುಂದಿನ ಕಾಲದ ಯಂತ್ರ ಯಾವುದೇ ಇರಲಿ, ಬೆಂಗಳೂರಿನಿಂದ ಹೊರಟು ಮದ್ದೂರು ದಾಟುವಷ್ಟರಲ್ಲಿ ಅದಕ್ಕೊಂದು ಪಾರ್ಟಿ, ಒಂದಷ್ಟು ನೆಂಟರು ಹುಟ್ಟಿಕೊಂಡಿರುತ್ತಾರೆ. ಕಾಲುವೆಯ ತೂಬನ್ನು ತಾನೇ ತೆರೆದು ಮುಚ್ಚುವ ಯಂತ್ರ ಕೂರಿಸುವ ಕಂಪನಿಯಲ್ಲಿ ನನಗೆ ಕೆಲಸ. ಮಳವಳ್ಳಿ ಕಡೆ, ಕಾಲುವೆಯ ಕೊನೆಗಿರುವ ಒಂದು ಹಳ್ಳಿಯಲ್ಲಿ ಅದರ ಪರೀಕ್ಷೆ. ಊರಿನವರು ಒಪ್ಪಿದರೆ ಯಂತ್ರವೂ ಉಳಿಯುತ್ತದೆ, ನನ್ನ ಕೆಲಸವೂ ಉಳಿಯುತ್ತದೆ. ಇಲ್ಲದಿದ್ದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು.

೧. ಪೆಟ್ಟಿಗೆಯ ಬಣ್ಣ

ಯಂತ್ರದ ಪೆಟ್ಟಿಗೆ ನೋಡಿ ಊರಿನ ಒಂದು ಬಣಕ್ಕೆ ಬಹಳ ಸಂತೋಷವಾಯಿತು. ಅದರದು ಅವರ ಪಾರ್ಟಿ ಬಾವುಟದ ಬಣ್ಣ. ಇನ್ನೊಂದು ಬಣ, ಇಂಥ ಪೆಟ್ಟಿಗೆ ಬಿಟ್ಟ ನೀರು ನಮ್ಮ ಗದ್ದೆಗೆ ಬೇಡ ಎಂದು ಕಾಲುವೆ ಏರಿಯ ಮೇಲೆ ಕೂತಿತು. ನಾನು ತಲೆ ಓಡಿಸಿ ಮಳವಳ್ಳಿಯಿಂದ ಬಿಳಿ ಬಣ್ಣ ತಂದು ಬಳಿದೆ. ಯಾರಿಗೂ ಸೇರದ ಬಣ್ಣ ಎಂದು ಬೀಗುತ್ತಿದ್ದೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿದರು.

"ಎಲ್ಡೂ ಪಾರ್ಟಿ ಲೀಡರ್‌ಗಳು ಆಕ್ಕೊಳದು ಬಿಳೀ ಬಟ್ಟೆನೇ ಕಣಪ್ಪ. ಈಗ ಇಬ್ರೂ ನಮ್ದು ಅಂತ ಕಿತ್ತಾಡ್ತಾರೆ."

ಸಂಜೆ ಹೊತ್ತಿಗೆ ಹಾಗೇ ಆಯಿತು.

೨. ಯಾರ ಮಾತೂ ಕೇಳದ್ದು

ಹಾಲಿನ ಡೈರಿ ಮುಂದೆ ಸಭೆ ಸೇರಿಸಿ, ಮುಂದಿನ ಕಾಲ ಹೇಗಿರುತ್ತದೆ ಎಂದು ಭಾಷಣ ಬಿಗಿದೆ. ಈ ಯಂತ್ರಕ್ಕೆ ಮೇಲಿನ ಗದ್ದೆ, ಕೆಳಗಿನ ಗದ್ದೆ, ನೆಂಟರು, ಲೀಡರು ಎಂಬ ಭೇದವಿಲ್ಲ, ಯಾರು ಫೋನ್ ಮಾಡಿದರೂ ಬಗ್ಗುವುದಿಲ್ಲ ಎಂದೆ. ಕೆಳಗಿನ ಗದ್ದೆಯವರು ಚಪ್ಪಾಳೆ ತಟ್ಟಿದರು. ಪಂಚಾಯಿತಿ ಮೆಂಬರ್ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದರು.

"ನೀರು ಬುಡ್ಸಿ ಅಂತ ಜನ ನಮ್ಮನೆ ಬಾಗ್ಲಿಗೆ ಬರ್ದಿದ್ರೆ, ಓಟಿಗೆ ನಾನು ಯಾವ ಮೊಕ ಇಟ್ಕಂಡು ಅವ್ರ ಬಾಗ್ಲಿಗೆ ಓಗ್ಲಿ? ಒಸಿ ಮಾತು ಕೇಳೋ ಅಂಗೆ ಮಾಡಿ ಸಾ."

೩. ಫೋನಿನಲ್ಲಿ ಬೈದವಳು

ನಿಜವಾದ ಪೀಕಲಾಟ ಶುರುವಾದದ್ದು ಫೋನಿನಿಂದ. ನೀರು ಬಿಡುವ ಮುನ್ನ ಯಂತ್ರವೇ ಎಲ್ಲ ರೈತರಿಗೂ ಫೋನ್ ಮಾಡುತ್ತದೆ. "ಸನ್ಮಾನ್ಯ ರೈತ ಬಾಂಧವರೇ, ನಮಸ್ಕಾರ" ಎಂದು ಹೆಣ್ಣುದನಿ ಶುರು ಮಾಡಿದ್ದೇ ತಡ, ಎಲೆಕ್ಷನ್ ಬಂತು, ಓಟು ಕೇಳುವ ಫೋನು ಎಂದು ಊರಿಗೆ ಊರೇ ಕಟ್ ಮಾಡಿತು. ಒಬ್ಬರೂ ಗದ್ದೆಗೆ ಬರಲಿಲ್ಲ. ನೀರೆಲ್ಲ ಹಳ್ಳದ ಪಾಲಾಯಿತು. ಮುಂದಿನ ಸರದಿಗೂ ಹೀಗಾದರೆ ಯಂತ್ರ ಬಿಚ್ಚಿಕೊಂಡು ಬಾ ಎಂದು ಕಂಪನಿಯವರು ಹೇಳಿದರು.

ನಾನು ಬಾಡಿಗೆಗಿದ್ದ ಮನೆಯ ಅಜ್ಜಿ, ತಟ್ಟೆಯಲ್ಲಿ ಮುದ್ದೆ ಹಾಗೇ ಉಳಿದದ್ದು ನೋಡಿ ವಿಚಾರಿಸಿದರು. ಅವರಿಗೂ ಅದೇ ಕಾಲುವೆಯಲ್ಲಿ ಗದ್ದೆ. ಕತೆ ಕೇಳಿ, "ನಮಸ್ಕಾರ ಅಂದ್ರೆ ಯಾವನ್ಲಾ ನಂಬ್ತಾನೆ? ಬೈದು ಏಳ್ಬೇಕು" ಎಂದರು. ಸರಿ, ಹೇಗೆ ಬೈಯಬೇಕು ಎಂದು ಅವರಿಂದಲೇ ಬೈಸಿ, ಅವರಿಗೆ ಗೊತ್ತಾಗದಂತೆ ರೆಕಾರ್ಡ್ ಮಾಡಿಕೊಂಡೆ.

ಮುಂದಿನ ಸರದಿಯ ಬೆಳಿಗ್ಗೆ ಎಲ್ಲರ ಫೋನಿನಲ್ಲೂ ಅಜ್ಜಿಯ ದನಿ: "ಲೇ, ನೀರ್ ಬುಡ್ತಾವ್ರೆ. ಇನ್ನೂ ಬಿದ್ಕಂಡಿದ್ದೀಯಾ? ಗುದ್ದಲಿ ತಗಂಡು ಓಗ್ಲಾ."

ಮೆಂಬರೂ ಸೇರಿ ಎರಡೂ ಬಣದವರು ಗದ್ದೆಗೆ ಓಡಿದರು. ಯಂತ್ರ ಉಳಿಯಿತು, ನಾನೂ ಉಳಿದೆ. ಖುಷಿ ತಡೆಯಲಾರದೆ ಹೇಳಲು ಬಂದರೆ, ಅಜ್ಜಿ ಬಾಗಿಲಲ್ಲಿ ಫೋನ್ ಹಿಡಿದು ಕೆಂಡವಾಗಿದ್ದರು. ತಮ್ಮ ದನಿಯೇ ಅವರಿಗೆ ಗುರುತು ಸಿಕ್ಕಿರಲಿಲ್ಲ.

"ಯಾವಳೋ ಫೋನ್ ಮಾಡಿ, ಈ ವಯಸ್ನಲ್ಲಿ ನನ್ನ ಲೇ ಅಂತಾಳೆ ಕಣ್ಲಾ. ಅವಳ್ನ ಸುಮ್ಕೆ ಬುಡಾಕಿಲ್ಲ."

ಅನ್ನುತ್ತಲೇ ಸೆರಗು ಬಿಗಿದು, ಗುದ್ದಲಿ ಹೆಗಲಿಗೇರಿಸಿ ಗದ್ದೆಯ ಕಡೆ ಹೊರಟರು. ಅಷ್ಟು ಸಿಟ್ಟಿದ್ದರೆ ಅವಳ ಮಾತನ್ನು ಯಾಕೆ ನಂಬುತ್ತೀರಿ ಎಂದು ಕೇಳಿದೆ.

"ಬಾಯಿ ಕೆಟ್ಟದು, ಅಷ್ಟೇಯ. ನೀರಿನ ಇಸ್ಯದಲ್ಲಿ ಸುಳ್ಳು ಏಳೋ ಎಂಗ್ಸಲ್ಲ ಕಣ್ಲಾ ಅವಳು."